ಹೆಸರಿಡುವ ಮಾಮ

ಮಂಗಳೂರು ಕಡೆಯ ಬ್ಯಾರಿ ಕುಟುಂಬಗಳಲ್ಲಿ ಇಂಥ ಒಬ್ಬ ಮಾಮ ಇದ್ದೇ ಇರುತ್ತಾರೆ. ಅವರ ವಾಸ ದಮ್ಮಾಮಿನಲ್ಲೋ ಜುಬೈಲಿನಲ್ಲೋ. ಆದರೆ ಉಳ್ಳಾಲದಲ್ಲಿ ತಂಗಿಗೆ ಹೆರಿಗೆಯಾಯಿತೆಂದರೆ, ಮಗುವಿನ ತೂಕ ಕೇಳುವ ಮೊದಲೇ ವಾಟ್ಸಾಪಿನಲ್ಲಿ ಅವರ ದನಿ: "ಹೆಸರು ನಾನು ಹೇಳುತ್ತೇನೆ. ಅರಬಿ ಇರಬೇಕು, ಚಿಕ್ಕದಿರಬೇಕು."

ಚಿಕ್ಕದೇ ಏಕೆಂದರೆ ಮಾಮನ ಹೆಸರು ಅಬ್ದುಲ್ ರಹ್ಮಾನ್. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು ಸ್ಪೆಲ್ಲಿಂಗು, ಪಾಸ್‌ಪೋರ್ಟಿನಲ್ಲಿ ಇನ್ನೊಂದು, ಸೌದಿಯ ನಿವಾಸ ಪರವಾನಗಿಯಾದ ಇಖಾಮಾದಲ್ಲಿ ಮತ್ತೊಂದು. ಊರಿನಲ್ಲಿ ಬರೀ ಅದ್ರಾಮ. ಅಲ್ಲಾಹನಿಗೆ ಅತಿ ಪ್ರಿಯವಾದ ಹೆಸರುಗಳು ಅಬ್ದುಲ್ಲಾ ಮತ್ತು ಅಬ್ದುಲ್ ರಹ್ಮಾನ್ ಎಂದು ಹದೀಸಿನಲ್ಲೇ ಇದೆಯಲ್ಲ ಎಂದು ಉಸ್ತಾದರು ನೆನಪಿಸಿದರೆ, "ಹೆಸರಿಗೇನೂ ದೋಷವಿಲ್ಲ ಉಸ್ತಾದ್, ಫಾರ್ಮಿನಲ್ಲಿ ಚೌಕ ಸಾಲುವುದಿಲ್ಲ" ಎನ್ನುತ್ತಾರೆ.

ಆಮೇಲೆ ಜರಡಿ ಹಿಡಿಯುವ ಕೆಲಸ. ಉಮರ್? ಚಿಕ್ಕದು, ಚೊಕ್ಕದು, ಆದರೆ ಮೊದಲಿನ 'ಐನ್' ಗಂಟಲಾಳದಿಂದ ಬರಬೇಕು, ಊರಿನಲ್ಲಿ ಹಾಗೆ ಕರೆದರೆ ಬಿಸಿನೀರು ತಂದುಕೊಡುತ್ತಾರೆ. ರಯ್ಯಾನ್? ಉಪವಾಸ ಹಿಡಿದವರು ಒಳಹೋಗುವ ಸ್ವರ್ಗದ ಬಾಗಿಲು. ಅರ್ಥಕ್ಕೆ ಸಾಟಿಯಿಲ್ಲ, ಆದರೆ ಈಗ ಮದ್ರಸದಲ್ಲಿ ರಯ್ಯಾನ್ ಎಂದು ಕೂಗಿದರೆ ಅರ್ಧ ಬೆಂಚು ಏಳುತ್ತದೆ. ಕೊನೆಗೆ ಗೆದ್ದದ್ದು ಝೈದ್. ಪ್ರವಾದಿಯವರ ಸಂಗಾತಿಗಳಲ್ಲಿ ಕುರ್‌ಆನಿನಲ್ಲಿ ಹೆಸರು ಹಿಡಿದು ಹೇಳಿರುವುದು ಅವರೊಬ್ಬರದೇ.

ಏಳನೆಯ ದಿನ ಅಖೀಕಾ. ಮಗುವಿನ ಕೂದಲು ತೆಗೆದು, ಅದರ ತೂಕದ ಬೆಳ್ಳಿಯ ಬೆಲೆ ದಾನ ಕೊಟ್ಟಾಯಿತು. ಹೆಸರು ಕೇಳಿದ ಅಜ್ಜಿ ಮಗುವನ್ನೆತ್ತಿ "ಜೈದು" ಎಂದರು.

ವಿಡಿಯೋ ಕಾಲಿನಲ್ಲಿದ್ದ ಮಾಮ ಕುರ್ಚಿಯಿಂದ ಎದ್ದೇಬಿಟ್ಟರು. "ಉಮ್ಮಾ, ಜ ಅಲ್ಲ, ಝ! ನಾಲಗೆ ಹಲ್ಲಿನ ಹತ್ತಿರ ಇಡಿ!"

"ಇರುವುದೇ ನಾಲ್ಕು ಹಲ್ಲು. ಅದನ್ನೂ ಅಲ್ಲಾಡಿಸಬೇಡ."

ಅಜ್ಜಿಯ ತಪ್ಪೇನು? ಯೂಸುಫನನ್ನು ಇಸುಬು ಮಾಡಿದ ಕರಾವಳಿ ಇದು. ಅರಬಿಯಲ್ಲಿ 'ಪ' ಎಂಬ ಅಕ್ಷರವೇ ಇಲ್ಲದಿದ್ದರೂ ಫಾತಿಮಾಳನ್ನು ಪಾತುಮ್ಮ ಮಾಡಿ ತಲೆಮಾರುಗಟ್ಟಲೆ ಮುದ್ದಾಗಿ ಕರೆದಿದೆ.

ಜನನ ಪ್ರಮಾಣಪತ್ರದಲ್ಲಿ ಹೆಸರು ಸೇರಿಸಲು ಒಂದು ವರ್ಷದವರೆಗೆ ಶುಲ್ಕವಿಲ್ಲ. ಮಾಮನಿಗೆ ಅಷ್ಟು ತಾಳ್ಮೆಯೂ ಇಲ್ಲ. ಮರುವಾರವೇ ಭಾವನನ್ನು ಕೌಂಟರಿಗೆ ಅಟ್ಟಿದರು.

"ಇಂಗ್ಲಿಷಿನಲ್ಲಿ ಐ ಹಾಕಲೋ, ವೈ ಹಾಕಲೋ?" ಗುಮಾಸ್ತರು ಕೇಳಿದರು.

ಭಾವ ಫೋನು ಹಚ್ಚಿದ. ಮಾಮ ಎರಡರ ಗುಣದೋಷ ವಿವರಿಸತೊಡಗಿದರು. ಹಿಂದೆ ಸಾಲು ಬೆಳೆಯಿತು. ಭಾವ ಫೋನಿಗೆ ಕೈ ಅಡ್ಡ ಹಿಡಿದು, ಮೆಲ್ಲಗೆ "ಐ ಹಾಕಿ ಸಾರ್" ಎಂದ. ಮನೆಗೆ ಬಂದಾಗ ಅಜ್ಜಿ ಕೇಳಿದ್ದು ಇಷ್ಟೇ: "ಮೋನುವಿನ ಹೆಸರು ಬರೆಸಿದೆಯಾ?"