ಗ್ರೀಷ್ಮಹಿತ್ತಲ ಮೀಮಾಂಸೆ

ಪೀಠಿಕೆ

ಶಾಸ್ತ್ರಗ್ರಂಥವೊಂದನ್ನು ಆರಂಭಿಸುವ ಮುನ್ನ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಿಬಿಡುವುದು ಹಿರಿಯರ ಪದ್ಧತಿ. ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, 30x40 ಅಡಿ ನಿವೇಶನದಲ್ಲಿ ಮನೆ ಕಟ್ಟಿ, ಗೋಡೆಗೂ ಕಾಂಪೌಂಡಿಗೂ ನಡುವೆ ಉಳಿದ ಮೂರಡಿ ಓಣಿಯನ್ನು ‘ನಮ್ಮ ತೋಟ’ ಎಂದು ಬಂದವರಿಗೆಲ್ಲ ತೋರಿಸುವ ಧೈರ್ಯವುಳ್ಳವರು. ಬಾಲ್ಕನಿಯ ಗ್ರಿಲ್ಲಿಗೆ ನಾಲ್ಕು ಕುಂಡ ಕಟ್ಟಿಕೊಂಡವರಿಗೆ ಅರ್ಧ ಅಧಿಕಾರ. ಪ್ಲಾಸ್ಟಿಕ್ ಹೂವಿನವರು ಈ ಶಾಸ್ತ್ರಕ್ಕೆ ಬಾಹಿರರು. ಅವರಿಗೆ ಧೂಳು ಒರೆಸುವುದೇ ನಿತ್ಯಕರ್ಮ. ವಿಷಯ, ನಡುಬೇಸಿಗೆಯಲ್ಲಿ ಕೈತೋಟದ ಕೆಲಸಗಳು. ಸಂಬಂಧ, ಗಿಡಕ್ಕೂ ಮಾಳಿಗೆಯ ಸಿಂಟೆಕ್ಸ್ ಟ್ಯಾಂಕಿಗೂ ಇರುವಂಥದು. ಪ್ರಯೋಜನ ಗ್ರಂಥದ ಕೊನೆಯಲ್ಲಿ ಸಿಗುತ್ತದೆ.

ಕಾಲನಿರ್ಣಯ

ಮೊದಲ ತೊಡಕು ಪಂಚಾಂಗದ್ದು. ಚೈತ್ರ, ವೈಶಾಖ ವಸಂತ ಋತು; ಜ್ಯೇಷ್ಠ, ಆಷಾಢ ಗ್ರೀಷ್ಮ. ಈ ಲೆಕ್ಕದಂತೆ 2016ರ ಏಪ್ರಿಲ್ 24ರಂದು ಬೆಂಗಳೂರಿನಲ್ಲಿ ವಸಂತ ಋತು ಮಂದಮಾರುತದೊಡನೆ ವಿರಾಜಿಸುತ್ತಿತ್ತು. ಅಂದು ನಗರದಲ್ಲಿ ದಾಖಲಾದ ಉಷ್ಣಾಂಶ 39.2 ಡಿಗ್ರಿ ಸೆಲ್ಸಿಯಸ್, ಈ ಊರಿನ ಮಟ್ಟಿಗೆ ದಾಖಲೆ. ಇನ್ನು ಶಾಸ್ತ್ರೋಕ್ತ ಗ್ರೀಷ್ಮ ಕಾಲಿಡುವ ಜೂನ್ ಹೊತ್ತಿಗೆ ಕರಾವಳಿಯಲ್ಲಿ ಮುಂಗಾರು ಹಂಚಿನ ಮೇಲೆ ಸುರಿಯುತ್ತಿರುತ್ತದೆ.

ಈ ವಿರೋಧಕ್ಕೆ ಪರಿಹಾರವಿದೆ. ರೈತರು ಋತುವನ್ನು ಬಿಟ್ಟು ಮಳೆ ನಕ್ಷತ್ರ ಹಿಡಿದರು. ಏಪ್ರಿಲ್ ಕೊನೆಯಿಂದ ಮೇ 10ರ ಸುಮಾರಿನವರೆಗೆ ಭರಣಿ, ಆಮೇಲೆ ಕೃತ್ತಿಕಾ, ಮೇ ಕೊನೆಯ ವಾರದಿಂದ ರೋಹಿಣಿ. ಬೆಂಗಳೂರಿಗೆ ಮೇ ತಿಂಗಳೊಂದರಲ್ಲೇ 100 ಮಿಲಿಮೀಟರಿಗೂ ಹೆಚ್ಚು ಮಳೆ ವಾಡಿಕೆ. ಆದ್ದರಿಂದ ಯುಗಾದಿಯ ಬೇವು ಬೆಲ್ಲ ಮುಗಿದಂದಿನಿಂದ ರೋಹಿಣಿ ಮಳೆ ಕೈಹಿಡಿಯುವವರೆಗಿನ ಅವಧಿಯೇ ಪ್ರಕೃತ ಶಾಸ್ತ್ರಕ್ಕೆ ನಡುಬೇಸಿಗೆ ಎಂದು ಇತ್ಯರ್ಥವಾಯಿತು. ಪಂಚಾಂಗದವರು ಆಕ್ಷೇಪಿಸುವುದಾದರೆ ಮಧ್ಯಾಹ್ನ ಎರಡು ಗಂಟೆಗೆ ಬರಿಗಾಲಲ್ಲಿ ತಾರಸಿಗೆ ಬಂದು ಆಕ್ಷೇಪಿಸಬೇಕು.

ಪ್ರಮಾಣ ವಿಚಾರ

ಗಿಡಕ್ಕೆ ನೀರೆರೆಯುವುದರಲ್ಲಿ ಶಾಸ್ತ್ರಾಧಾರ ಉಂಟೇ? ಬೇಕಾದಷ್ಟು ಉಂಟು. ವರಾಹಮಿಹಿರನ ‘ಬೃಹತ್ಸಂಹಿತೆ’ಯ ವೃಕ್ಷಾಯುರ್ವೇದ ಅಧ್ಯಾಯವು ಬೇಸಿಗೆಯಲ್ಲಿ ಬೆಳಿಗ್ಗೆ ಸಂಜೆ ಎರಡು ಹೊತ್ತು, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ಮಾತ್ರ ನೀರು ಕೊಡಲು ವಿಧಿಸುತ್ತದೆ. ಕನ್ನಡದ ಪ್ರಮಾಣವೇ ಬೇಕೆನ್ನುವವರಿಗೆ ಸುಮಾರು 1025ರ ‘ಲೋಕೋಪಕಾರ’ವಿದೆ. ಅದರ ಕರ್ತೃ ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯ. ಗೊಮ್ಮಟನನ್ನು ಮಾಡಿಸಿದವನು ಬೇರೆ. ನೆಲದಡಿಯ ನೀರು ಪತ್ತೆ, ಗಿಡಮರಗಳ ಆರೈಕೆ, ಅಡುಗೆ, ಶಕುನ ಎಲ್ಲವೂ ಒಂದೇ ಹೊತ್ತಿಗೆಯಲ್ಲಿವೆ. ಬೋರ್‌ವೆಲ್ ತೋಡಿಸಿದವರು ಬಲ್ಲರು: ನೀರು ಪತ್ತೆಗೂ ಶಕುನಕ್ಕೂ ಇಂದಿಗೂ ಪ್ರತ್ಯೇಕ ಪುಸ್ತಕ ಬೇಕಾಗಿಲ್ಲ.

ಕವಿಗಳ ಪ್ರಮಾಣವನ್ನು ಮಾತ್ರ ಎಚ್ಚರದಿಂದ ಬಳಸಬೇಕು. ಸುಂದರಿಯ ಕಾಲಿನ ಒದೆತಕ್ಕೆ ಅಶೋಕ ಅರಳುತ್ತದೆ, ಬಾಯಲ್ಲಿ ತುಂಬಿಕೊಂಡ ಮದ್ಯವನ್ನು ಉಗುಳಿದರೆ ಬಕುಳ ಅರಳುತ್ತದೆ ಎಂಬುದು ಸಂಸ್ಕೃತ ಕಾವ್ಯಗಳ ದೋಹದ ಸಂಪ್ರದಾಯ. ಬಡಾವಣೆಗಳ ಗೇಟಿನ ಪಕ್ಕ ಕಂಬದಂತೆ ನಿಂತಿರುವ ‘ಅಶೋಕ’ ಬೇರೆಯದೇ ಜಾತಿಯ ಮರ. ಕಾವ್ಯದ ಅಶೋಕ ಕಿತ್ತಳೆ ಕೆಂಪಿನ ಗೊಂಚಲು ಹೂ ಬಿಡುವ ಇನ್ನೊಂದು. ತಪ್ಪು ಮರಕ್ಕೆ ಒದ್ದು ಕಾಲು ನೋಯಿಸಿಕೊಂಡರೆ ಶಾಸ್ತ್ರ ಹೊಣೆಯಲ್ಲ.

ಪೂರ್ವಪಕ್ಷಗಳು

ನೀರಿನ ವಿಷಯದಲ್ಲಿ ಮೂರು ದರ್ಶನಗಳು ಪ್ರಚಾರದಲ್ಲಿವೆ. ಪೈಪುವಾದಿಗಳು ಸಂಜೆ ಲುಂಗಿ ಎತ್ತಿಕಟ್ಟಿ, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಎಲೆಗೂ ಗೋಡೆಗೂ ರಸ್ತೆಗೂ ಅಭೇದವೆಣಿಸಿ ನೀರು ಹಾರಿಸುತ್ತಾರೆ. ಇವರು ಶುದ್ಧ ಅದ್ವೈತಿಗಳು. ಚೊಂಬುವಾದಿಗಳು ಅಕ್ಕಿ ತೊಳೆದ ನೀರನ್ನು ಅಡುಗೆಮನೆಯಿಂದ ತಂದು ಒಂದೊಂದು ಬುಡಕ್ಕೂ ಹಂಚುತ್ತಾರೆ. ಮೂರನೆಯವರು ದೈವವಾದಿಗಳು: ‘ಬರೋ ಮಳೆ ಬಂದೇ ಬರುತ್ತೆ’ ಎನ್ನುತ್ತ ಒಣಗಿದ ಕುಂಡದ ಪಕ್ಕದಲ್ಲೇ ಪೇಪರು ಓದುತ್ತಾರೆ.

ಪೈಪುವಾದವನ್ನು ಖಂಡಿಸಲು ತರ್ಕ ಬೇಕಿಲ್ಲ, ಭೂಗೋಳ ಸಾಕು. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರ ಏರಿ ಬೆಂಗಳೂರಿಗೆ ಬರುತ್ತದೆ. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿದಾಗ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೂ ಕಾರು ತೊಳೆಯಲೂ ಬಳಸಬಾರದೆಂದು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಗೊತ್ತುಮಾಡಿತು. ಒಂದೇ ಆದೇಶದಿಂದ ಸಾವಿರಾರು ಪೈಪುವಾದಿಗಳು ರಾತ್ರೋರಾತ್ರಿ ಚೊಂಬುವಾದಕ್ಕೆ ಮತಾಂತರಗೊಂಡರು. ಯಾವ ಆಚಾರ್ಯರ ದಿಗ್ವಿಜಯವೂ ಇಷ್ಟು ಬೇಗ ನಡೆದದ್ದಿಲ್ಲ.

ಎರಡು ಸಂಶಯಗಳು

ಮೊದಲನೆಯದು: ಬಿಸಿಲಲ್ಲಿ ಎಲೆಯ ಮೇಲೆ ನೀರು ಬಿದ್ದರೆ ಹನಿಯೇ ಭೂತಗನ್ನಡಿಯಾಗಿ ಎಲೆ ಸುಡುತ್ತದೆಯೇ? ಸುಡುತ್ತದೆ ಎಂದು ಎಲ್ಲ ಅತ್ತೆಯರೂ ಏಕಕಂಠದಿಂದ ಹೇಳುತ್ತಾರೆ. ಹಂಗೇರಿಯ ವಿಜ್ಞಾನಿಗಳು ಪ್ರಯೋಗ ಮಾಡಿ 2010ರಲ್ಲಿ ಪ್ರಕಟಿಸಿದ ಪ್ರಕಾರ, ನುಣುಪು ಎಲೆಯ ಮೇಲಿನ ನೀರ ಹನಿ ಸುಡುವುದಿಲ್ಲ. ಗಾಜಿನ ಗುಂಡು ಇಟ್ಟರೆ ಸುಡುತ್ತದೆ. ರೋಮಗಳು ಹನಿಯನ್ನು ಎಲೆಯಿಂದ ಮೇಲೆತ್ತಿ ಹಿಡಿಯುವಂಥ ಗಿಡಗಳಲ್ಲಿ ಸುಡಬಹುದು. ಬಿಸಿಲಲ್ಲಿ ನೀರು ಹೊಯ್ಯಬೇಡಿ ಎಂಬ ಅತ್ತೆಯರ ತೀರ್ಪು ಆದರೂ ನಿಲ್ಲುತ್ತದೆ, ಕಾರಣ ಬೇರೆ: ಮಧ್ಯಾಹ್ನ ಹೊಯ್ದ ನೀರಿನಲ್ಲಿ ಒಂದಷ್ಟು ಪಾಲು ಬೇರಿಗೆ ಸಿಗುವ ಮೊದಲೇ ಆವಿಯಾಗುತ್ತದೆ.

ಎರಡನೆಯದು: ಮಧ್ಯಾಹ್ನ ಸೋರೆ, ಸೌತೆ, ಕುಂಬಳದ ಎಲೆಗಳು ಬಾಡಿ ಜೋತು ಬೀಳುವುದು ಬಾಯಾರಿಕೆಯೇ? ಎಲೆ ಬಿಡುವ ಆವಿಯಷ್ಟು ನೀರನ್ನು ಬೇರು ಆ ಹೊತ್ತಿಗೆ ಎಳೆದುಕೊಡಲಾರದು. ಮಣ್ಣು ಒದ್ದೆಯಿದ್ದರೂ ಹೀಗಾಗುತ್ತದೆ. ಸಂಜೆಗೆ ತಾನಾಗಿ ಏಳುತ್ತದೆ. ಬೆಳಗಿನ ಆರು ಗಂಟೆಗೂ ತಲೆ ತಗ್ಗಿಸಿದ್ದರೆ ಮಾತ್ರ ಅದು ಬಾಯಾರಿಕೆ. ಬೆರಳನ್ನು ಎರಡು ಇಂಚು ಮಣ್ಣಿಗಿಳಿಸಿ ನೋಡುವುದು ಇಲ್ಲಿ ಪ್ರತ್ಯಕ್ಷ ಪ್ರಮಾಣ. ಇದನ್ನರಿಯದೆ ಊರಿಗೆ ಹೊರಡುವಾಗ ‘ಅಕ್ಕಾ, ಹತ್ತು ದಿನ ಗಿಡಕ್ಕೆ ಸ್ವಲ್ಪ ನೀರು ನೋಡ್ಕೊಳ್ಳಿ’ ಎಂದು ಪಕ್ಕದ ಮನೆಗೆ ಬೀಗದ ಕೈ ಕೊಟ್ಟವರ ತುಳಸಿ, ಅಕ್ಕನ ಮಧ್ಯಾಹ್ನದ ಕರುಣೆಯಿಂದಲೇ ಬೇರು ಕೊಳೆತು ಮುಕ್ತಿ ಪಡೆದ ನಿದರ್ಶನಗಳು ಪ್ರತಿ ಬೀದಿಯಲ್ಲೂ ಇವೆ. ಇಂಥವರಿಗೆ ಹೂಜಿ ಹೆಚ್ಚು ನಂಬಿಕಸ್ಥ. ಬಣ್ಣ ಬಳಿಯದ ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು ನೀರು ತುಂಬಿ ಮುಚ್ಚಿಟ್ಟರೆ, ಬೇಕಾದಷ್ಟೇ ಜಿನುಗುತ್ತದೆ. ಚೀನಾದಲ್ಲಿ ಇದನ್ನು ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾರೆ.

ವಿಧಿ ನಿಷೇಧಗಳು

ಪ್ರಥಮ ವಿಧಿ ಮುಚ್ಚಿಗೆ. ಬುಡದ ಸುತ್ತ ಎರಡು ಮೂರು ಇಂಚು ದಪ್ಪ ಒಣಗಿದೆಲೆ ಅಥವಾ ತೆಂಗಿನ ನಾರು ಹಾಸಬೇಕು. ಕಾಂಡಕ್ಕೆ ಮಾತ್ರ ತಾಗಿಸಬಾರದು. ಇಲ್ಲೊಂದು ಲೌಕಿಕ ವಿಪರೀತವನ್ನು ಗ್ರಂಥ ದಾಖಲಿಸುತ್ತದೆ: ಬೆಳಿಗ್ಗೆ ಅಂಗಳದ ತರಗೆಲೆಯನ್ನೆಲ್ಲ ಗುಡಿಸಿ ಬೆಂಕಿ ಹಚ್ಚಿದ ಗೃಹಸ್ಥನೇ ಸಂಜೆ ನರ್ಸರಿಗೆ ಹೋಗಿ ಕೋಕೋಪೀಟ್ ಇಟ್ಟಿಗೆ ಕೊಂಡು ತರುತ್ತಾನೆ.

ಎರಡನೆಯದು ನೆರಳು. ತಾರಸಿಯ ಕಪ್ಪು ಪ್ಲಾಸ್ಟಿಕ್ ಕುಂಡದಲ್ಲಿ ಎಲೆಗಿಂತ ಮೊದಲು ಬೇರು ಬೇಯುತ್ತದೆ. ಕುಂಡಗಳನ್ನು ಒತ್ತಾಗಿ ಜೋಡಿಸಿ, ಮೇಲೆ ಶೇ 50ರ ಹಸಿರು ನೆರಳು ಪರದೆ ಕಟ್ಟಬೇಕು. ಹಳೆ ಪಂಚೆಯಾದರೂ ದೋಷವಿಲ್ಲ.

ಕತ್ತರಿಗೆ ನಿಷೇಧ. ಗುಲಾಬಿಯನ್ನು ಈಗ ಗಾಢವಾಗಿ ಸವರಕೂಡದು, ಬಾಡಿದ ಹೂ ತೆಗೆದರೆ ಸಾಕು. ದುಂಡು ಮಲ್ಲಿಗೆ ಮೈತುಂಬ ಹೂವಿರುವಾಗ ಅದರ ತಂಟೆಗೆ ಹೋಗಬಾರದು. ಅದನ್ನು ಸವರುವ ಕಾಲ ಚಳಿಗಾಲ. ಅಪವಾದ ಎರಡು: ತುಳಸಿಯ ಕದಿರು ಚಿವುಟಬೇಕು, ಕರಿಬೇವಿನ ಹೂಗೊಂಚಲು ಕೀಳಬೇಕು, ಇಲ್ಲವಾದರೆ ಗಿಡ ಎಲೆ ಬಿಟ್ಟು ಬೀಜದ ಚಿಂತೆಗೆ ಬೀಳುತ್ತದೆ. ಒಣಗಿದ ಮಣ್ಣಿಗೆ ರಾಸಾಯನಿಕ ಗೊಬ್ಬರ ಹಾಕುವುದು, ಕುಂಡ ಬದಲಾಯಿಸುವುದು ಎರಡೂ ಮಳೆ ಬರುವವರೆಗೆ ವರ್ಜ್ಯ.

ದಾಸವಾಳದ ಹಿಟ್ಟು ತಿಗಣೆಗೆ ಪ್ರಾಯಶ್ಚಿತ್ತ: ಮೊದಲು ನೀರು ಚಿಮ್ಮಿಸಿ ಉದುರಿಸುವುದು, ಆಮೇಲೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆ, ನಾಲ್ಕು ಹನಿ ಸೋಪಿನ ದ್ರಾವಣ ಕಲಸಿ ಸಂಜೆ ಸಿಂಪಡಿಸುವುದು. ಇರುವೆಗಳನ್ನು ದೂರವಿಡದಿದ್ದರೆ ವ್ಯರ್ಥ. ತಿಗಣೆ ಸ್ರವಿಸುವ ಸಿಹಿಗಾಗಿ ಅವು ಅದನ್ನು ಕಾವಲು ಕಾಯುತ್ತವೆ, ಹೊಸ ಚಿಗುರಿಗೆ ಹೊತ್ತೂ ಒಯ್ಯುತ್ತವೆ.

ಖಾಲಿ ಮಡಿಗೂ ವ್ರತವೊಂದಿದೆ. ಮಣ್ಣು ನೆನೆಸಿ, ಪಾರದರ್ಶಕ ಪಾಲಿಥೀನ್ ಹಾಳೆ ಬಿಗಿಯಾಗಿ ಹೊದಿಸಿ, ನಾಲ್ಕರಿಂದ ಆರು ವಾರ ಬಿಸಿಲಿಗೆ ಬಿಟ್ಟರೆ ಕಳೆಬೀಜ, ರೋಗಾಣುಗಳು ಬಹುಪಾಲು ಸಾಯುತ್ತವೆ. 1976ರಲ್ಲಿ ಇಸ್ರೇಲಿನ ಸಂಶೋಧಕರು ಇದನ್ನು ಪ್ರಕಟಿಸಿದರು. ನಮ್ಮ ರೈತರು ಮಾಗಿ ಉಳುಮೆ ಮಾಡಿ ಹೆಂಟೆಯನ್ನು ಬಿಸಿಲಿಗೆ ಒಡ್ಡುವುದರ ಉದ್ದೇಶವೂ ಬಹುಮಟ್ಟಿಗೆ ಇದೇ.

ಫಲಶ್ರುತಿ

ಪುರಾಣಗಳು ತಮ್ಮನ್ನು ಓದಿದವರಿಗೆ ಸ್ವರ್ಗ, ಸಂತಾನ, ಗೋವು, ಧಾನ್ಯಗಳನ್ನು ಕೊಡಮಾಡುತ್ತವೆ. ಈ ಗ್ರಂಥಕ್ಕೆ ಅಷ್ಟು ಶಕ್ತಿಯಿಲ್ಲ, ಕೊಡಬಹುದಾದ್ದು ಶುಂಠಿ. ಅಡುಗೆಮನೆಯ ಬುಟ್ಟಿಯಲ್ಲಿ ಮೊಳಕೆ ಇಣುಕಿದ ಶುಂಠಿಯನ್ನು ಎರಡು ಕಣ್ಣು ಇರುವಂತೆ ಮುರಿದು, ಗಾಯ ಒಣಗಲು ಒಂದೆರಡು ದಿನ ನೆರಳಲ್ಲಿಟ್ಟು, ಭರಣಿಯ ಮೊದಲ ಮಳೆ ನೆಲ ನೆನೆಸಿದ ಕೂಡಲೇ ಕಣ್ಣು ಮೇಲಾಗಿ ಎರಡು ಇಂಚು ಆಳಕ್ಕೆ ಊರಿ, ಮೇಲೆ ಸೊಪ್ಪು ಮುಚ್ಚಬೇಕು. ಅರಿಸಿನಕ್ಕೂ ಇದೇ ವಿಧಿ, ಇದೇ ಕಾಲ. ಎಂಟೊಂಬತ್ತು ತಿಂಗಳಿಗೆ, ಸಂಕ್ರಾಂತಿಯ ಆಸುಪಾಸಿಗೆ, ಎರಡೂ ಕೀಳಲು ಬರುತ್ತವೆ.