ಸಿಂಹದರ್ಶನ ಮೀಮಾಂಸೆ

ಅನುಬಂಧಚತುಷ್ಟಯವನ್ನು ನಿರೂಪಿಸದೆ ಶಾಸ್ತ್ರಕ್ಕೆ ಕೈಹಚ್ಚುವವನು ಪಂಡಿತರ ಉಪೇಕ್ಷೆಗೆ ಪಾತ್ರನಾಗುವನೆಂಬ ಭಯದಿಂದ ಮೊದಲು ಅದನ್ನೇ ನಿವೇದಿಸುತ್ತೇನೆ. ವಿಷಯವೆಂದರೆ, ಆಫ್ರಿಕಾ ಖಂಡದ ಮೃಗವನಗಳಲ್ಲಿ ಸಿಂಹವನ್ನು ಕಂಡು ವಿಜಯಪುರದ ಸ್ಟೇಷನ್ ರಸ್ತೆಗೆ ಮರಳಿ ಬಂದ ಸದ್ಗೃಹಸ್ಥನು. ಪ್ರಯೋಜನವೆಂದರೆ, ಅವನಿಗೆ ಪ್ರತಿಷ್ಠೆ, ನೆರೆಹೊರೆಯವರಿಗೆ ಜಾಗರಣೆ. ಅಧಿಕಾರಿಯೆಂದರೆ, ಗೋಡೆಗೆ ಕಟ್ಟಿದ ಬಿಳಿಯ ಚಾದರದ ಮೇಲೆ ಬಿದ್ದ ಚಿತ್ರಗಳನ್ನು ಮಿರ್ಚಿ ಭಜಿ ಹಾಗೂ ಚಹದ ಆಸರೆಯಿಂದ ಆದ್ಯಂತವಾಗಿ ನೋಡಿಯೂ ಬದುಕಿ ಉಳಿದವನು. ಸಂಬಂಧವು ಮನೆಯ ಯಜಮಾನನಿಗೂ ಬಾಡಿಗೆದಾರನಿಗೂ ಇರತಕ್ಕಂಥದಾದುದರಿಂದ ಅದನ್ನು ವಿಸ್ತರಿಸುವುದು ಕ್ಷೇಮವಲ್ಲ.

ಸಿಂಹವು ಕಂಡಿತೆಂಬ ಜ್ಞಾನಕ್ಕೆ ಪ್ರಮಾಣವೇನು? ಪ್ರತ್ಯಕ್ಷವೆಂದು ಪಾಮರರು ಹೇಳುವರು. ಅದು ಸಲ್ಲದು, ಏಕೆಂದರೆ ಇಂದ್ರಿಯಕ್ಕೂ ಅರ್ಥಕ್ಕೂ ಸನ್ನಿಕರ್ಷವು ಒದಗುವ ಕ್ಷಣದಲ್ಲಿಯೇ ಅವೆರಡರ ನಡುವೆ ಮೊಬೈಲು ಉದ್ಭವಿಸುವುದರಿಂದ, ನೋಡಿದುದು ಮೊಬೈಲೇ ಹೊರತು ಯಜಮಾನರಲ್ಲ. ಅನುಮಾನವೇ ಇಲ್ಲಿ ಬಲವತ್ತರವಾದುದು. ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ ಎಂಬಂತೆ, ಎಲ್ಲೆಲ್ಲಿ ಜೀಪುಗಳ ಗುಂಪೋ ಅಲ್ಲಲ್ಲಿ ಸಿಂಹವೆಂಬ ವ್ಯಾಪ್ತಿಯನ್ನು ಮಾಸಾಯಿ ಮಾರಾ ಬಯಲಿನ ಚಾಲಕರು ಬಹುಕಾಲದ ಅಭ್ಯಾಸದಿಂದ ಸಾಧಿಸಿರುವರು. ಒಂದು ಜೀಪಿನ ಗಾಲಿ ಪಂಕ್ಚರಾದಾಗಲೂ ಗುಂಪು ಕೂಡುವುದರಿಂದ ಈ ಹೇತುವು ಸವ್ಯಭಿಚಾರವೆಂದು ನೈಯಾಯಿಕರು ಆಕ್ಷೇಪಿಸಬಹುದು. ಆಕ್ಷೇಪವು ಗ್ರಾಹ್ಯ, ಅಂಥದೊಂದು ಗಾಲಿಯ ಚಿತ್ರವೂ ನಮಗೆ ತೋರಿಸಲ್ಪಟ್ಟಿತು. ಚಿರತೆಯಾದರೋ ಕೇವಲ ಅನುಪಲಬ್ಧಿಯಿಂದ ಸಿದ್ಧವಾದುದು: ಮರವಿದೆ, ಕೊಂಬೆಯಿದೆ, ಕೊಂಬೆಯ ಮೇಲೆ ಏನೂ ಇಲ್ಲ, “ಈಗಷ್ಟ ಇಳದ ಹೋತ್ರಿ.”

ಇನ್ನು ಪಂಚಮಹಾಮೃಗ ಪ್ರಕರಣ. ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಘೇಂಡಾಮೃಗ ಎಂಬ ಈ ಐದನ್ನು ಪಂಚಭೂತಗಳಂತೆ ಅನಾದಿಯೆಂದು ಭಾವಿಸಿ, ಜಿರಾಫೆಯನ್ನೂ ಪಟ್ಟೆಗುದುರೆಯನ್ನೂ ದಾಯಾದಿಗಳಂತೆ ಪಂಕ್ತಿಯಿಂದ ಹೊರಗಿಡುವುದು ಸಂಪ್ರದಾಯ. ಆದರೆ ಈ ಪಟ್ಟಿಯನ್ನು ರಚಿಸಿದವರು ಪ್ರಾಣಿಶಾಸ್ತ್ರಜ್ಞರಲ್ಲ, ಬೇಟೆಗಾರರು. ಕಾಲ್ನಡಿಗೆಯಿಂದ ಹೊಡೆಯಹೋದರೆ ಯಾವುವು ತಿರುಗಿ ಬಿದ್ದು ಕೊಲ್ಲುವುವೋ ಅವುಗಳಿಗೆ ಸಂದ ಮರ್ಯಾದೆಯದು. ಅಮೆರಿಕದ ಅಧ್ಯಕ್ಷಪದವಿಯಿಂದ ಇಳಿದ ಥಿಯೊಡೋರ್ ರೂಸ್‌ವೆಲ್ಟನು 1909ರಲ್ಲಿ ಪೂರ್ವ ಆಫ್ರಿಕೆಗೆ ಹೋದಾಗ ನೂರಾರು ಮಂದಿ ಹಮಾಲರು ಅವನ ಸಾಮಾನನ್ನು ಹೊತ್ತರು. ಕೀನ್ಯಾ ದೇಶವು 1977ರಲ್ಲಿ ಬೇಟೆಯನ್ನು ನಿಷೇಧಿಸಿತು. ಬಂದೂಕು ಹೋಯಿತು, ಪಟ್ಟಿ ಮಾತ್ರ ಉಳಿಯಿತು.

ಈ ಐದರ ಆಧಾರದಿಂದ ಪ್ರತ್ಯಾಗತರು ಮೂರು ವಿಧ. ಐದನ್ನೂ ಕಂಡವನು ಉತ್ತಮನು. ಅವನನ್ನು ತಡೆಯುವ ಉಪಾಯವಿಲ್ಲ. ನಾಲ್ಕನ್ನು ಕಂಡು ಐದನೆಯದನ್ನು ಚಾಲಕನ ಆಪ್ತವಾಕ್ಯದಿಂದ ತಿಳಿದವನು ಮಧ್ಯಮನು; ಅವನ ಕಥನವು ಉತ್ತಮನದಕ್ಕಿಂತ ದೀರ್ಘವಾಗಿರುವುದು. ಅಧಮನನ್ನು ಕುರಿತು ಬರೆಯಲು ಹೊರಟರೆ ನನಗೇ ಬೇಸರ ಬರುತ್ತಿದೆ. ಬಿಡುತ್ತೇನೆ.

ಬಿಡಲಾಗದ ಮಾತೊಂದಿದೆ. ಟಾಂಜಾನಿಯಾದ ತರಂಗೀರೆ ಉದ್ಯಾನದಲ್ಲಿ ತೆಗೆದ, ಆನೆಗಳ ಹಿಂದೆ ಬೃಹತ್ಕಾಯದ ಮರವೊಂದು ನಿಂತಿರುವ ಚಿತ್ರವನ್ನು ತೋರಿಸಿ ಯಜಮಾನರು, “ಇಂಥಾ ಗಿಡ ನಮ್ಮ ಕಡೆ ಎಲ್ಲೀದ್ರಿ, ಜನ್ಮದಾಗ ಒಮ್ಮೆ ನೋಡಬೇಕು” ಎಂದರು. ಅವರ ಮಾಳಿಗೆಯಿಂದ ಗೋಳಗುಮ್ಮಟವು ಕಾಣುತ್ತದೆ. ಅದರಿಂದ ನೈಋತ್ಯಕ್ಕೆ ಜೋಡ ಗುಮ್ಮಟದ ದಾರಿ ಹಿಡಿದರೆ ಅದೇ ಜಾತಿಯ, ಅಪರಾಧಿಗಳನ್ನು ನೇಣಿಗೇರಿಸುತ್ತಿದ್ದರೆಂದು ಜನ ಹೇಳುವ ಮುದಿಮರವಿದೆ. ಅದನ್ನು ನಾವು ಗೋರಖ ಇಮ್ಲಿ ಎನ್ನುತ್ತೇವೆ, ಸವಣೂರಿನ ಮಠದವರು ದೊಡ್ಡ ಹುಣಸೆ ಎನ್ನುತ್ತಾರೆ. ಆಫ್ರಿಕೆಯಿಂದ ಬಂದುದು ಮರವೊಂದೇ ಅಲ್ಲ. ಗೋಳಗುಮ್ಮಟದೊಳಗೆ ಮಲಗಿರುವ ಮುಹಮ್ಮದ್ ಆದಿಲಶಾಹನ ರಾಜ್ಯಭಾರವನ್ನು ಬಹುಕಾಲ ನಡೆಯಿಸಿದ ಮಂತ್ರಿ ಇಖ್ಲಾಸ್‌ಖಾನನು ಹಬಶಿ. ಇನ್ನು ಮೃಗಗಳೇ ಬೇಕೆಂದರೆ, ನೆರೆಯ ಬಾಗಲಕೋಟೆ ಜಿಲ್ಲೆಯ ಯಡಹಳ್ಳಿಯಲ್ಲಿ ಚಿಂಕಾರ ಜಿಂಕೆಗಳಿಗಾಗಿ 2016ರಲ್ಲಿ ಘೋಷಿತವಾದ, ಸುಮಾರು 96 ಚದರ ಕಿಲೋಮೀಟರಿನ ಅಭಯಾರಣ್ಯವೂ ಇದೆ. ಆದರೆ ವಿಮಾನವೇರದೆ ತಲುಪಬಹುದಾದ ಮೃಗವು ಮೃಗವೇ ಅಲ್ಲವೆಂಬುದು ಈ ಶಾಸ್ತ್ರದ ಸಿದ್ಧಾಂತ.

ಸೆರೆಂಗೆಟಿಯ ಅನಂತವಾದ ಹುಲ್ಲುಗಾವಲು ಚಾದರದ ಮೇಲೆ ಹರಡಿದಾಗ, ಕೇಳುಗರಲ್ಲಿದ್ದ ಮುದುಕಿಯೊಬ್ಬರು, “ಇಷ್ಟ್ ಹುಲ್ಲೈತಿ, ದನಾ ಕಾಯೋರು ಎಲ್ಲಿ ಹೋದ್ರೋ ಯಪ್ಪಾ?” ಎಂದು ಕೇಳಿದರು. “ಅಲ್ಲಿ ಮಂದಿ ಇರಂಗಿಲ್ಲಬೇ, ಅದು ನ್ಯಾಷನಲ್ ಪಾರ್ಕ್” ಎಂದು ಯಜಮಾನರು ನಕ್ಕು ಮುಂದಿನ ಚಿತ್ರಕ್ಕೆ ಹೋದರು.

ಇರುತ್ತಿರಲಿಲ್ಲವೇ? ಅದು 1951ರಲ್ಲಿ ಉದ್ಯಾನವಾಯಿತು. ದನ ಮೇಯಿಸಿಕೊಂಡಿದ್ದ ಮಾಸಾಯಿ ಜನರನ್ನು 1959ರಲ್ಲಿ ಬ್ರಿಟಿಷ್ ಆಡಳಿತವು ಅಲ್ಲಿಂದ ಎಬ್ಬಿಸಿತು. ದಕ್ಷಿಣ ಆಫ್ರಿಕೆಯ ಕ್ರೂಗರ್ ಉದ್ಯಾನವನ್ನು ಹಿಗ್ಗಿಸಲೆಂದು ಮಕುಲೆಕೆ ಜನರನ್ನು 1969ರಲ್ಲಿ ಒಕ್ಕಲೆಬ್ಬಿಸಿದರು. ನೆಲವು ಅವರಿಗೆ ಕಾನೂನಿನಿಂದ ಮರಳಿದುದು 1998ರಲ್ಲಿ. ಅಷ್ಟು ದೂರವೇಕೆ, ನಾಗರಹೊಳೆಯ ಜೇನುಕುರುಬರು ಹಾಡಿಗಳನ್ನು ಬಿಟ್ಟು ಹೊರಗಿನ ಕಾಲೊನಿಗಳಲ್ಲಿ ಕೂಲಿಗಳಾದುದು, ನಾವು ಜೀಪಿನಲ್ಲಿ ಹುಲಿ ನೋಡಲು ಹೋಗುವ ಆ ಕಾಡಿನಿಂದಲೇ. ಮೊದಲು ಮನುಷ್ಯರನ್ನು ಗುಡಿಸಿ, ಬಳಿಕ ಆ ಬರಿದಾದ ನೆಲವನ್ನು ಸೃಷ್ಟಿಯ ಮೊದಲ ದಿನದ ಶುಭ್ರತೆಯೆಂದು ಬಣ್ಣಿಸಿ, ಚೀಟಿ ಹರಿದು ಮಾರುವ ಈ ನಾಚಿಕೆಗೇಡಿನ ವ್ಯಾಪಾರಕ್ಕೆ ಯಾವ ಶಾಸ್ತ್ರದ ಯಾವ ಪ್ರಮಾಣವಿದೆ? ಕಾಡು ಉಳಿಯಬೇಕೆಂಬುದರಲ್ಲಿ ನನಗೆ ವಿವಾದವಿಲ್ಲ. ಉಳಿಸಿಕೊಂಡು ಬಂದವರನ್ನೇ ಕಳ್ಳರೆಂದು ಹೊರದಬ್ಬುವುದು ನನ್ನ ಕರುಳಿಗೆ ಒಗ್ಗುವುದಿಲ್ಲ. ಆ ಮುದುಕಿ ಮುಳುಗಡೆಯ ಮಂದಿಯವರು. ಆಲಮಟ್ಟಿಯ ಹಿನ್ನೀರು ಅವರ ಊರನ್ನು ತೆಗೆದುಕೊಂಡಿತು. ಇಡಿಯ ಕೋಣೆಯಲ್ಲಿ ಕೇಳತಕ್ಕ ಪ್ರಶ್ನೆಯನ್ನು ಕೇಳಿದವರು ಅವರೊಬ್ಬರೇ, ಮತ್ತು ನಾವೆಲ್ಲ ಅದಕ್ಕೆ ನಕ್ಕೆವು.

ಬರುವ ವರ್ಷ ಯಜಮಾನರು ಗೊರಿಲ್ಲಾಗಳನ್ನು ನೋಡಲು ಯುಗಾಂಡಾದ ಬ್ವಿಂಡಿ ಅರಣ್ಯಕ್ಕೆ ಹೋಗತಕ್ಕವರು. 1991ರಲ್ಲಿ ಅದು ರಾಷ್ಟ್ರೀಯ ಉದ್ಯಾನವಾದಾಗ ಹೊರಗಾದ ಬಟ್ವಾ ಜನರು, ತಾವು ಹಿಂದೆ ಕಾಡಿನಲ್ಲಿ ಹೇಗೆ ಬೆಂಕಿ ಹೊತ್ತಿಸುತ್ತಿದ್ದೆವು, ಹೇಗೆ ಗುಡಿಸಲು ಕಟ್ಟುತ್ತಿದ್ದೆವು ಎಂಬುದನ್ನು ಈಗ ಪ್ರವಾಸಿಗಳಿಗೆ ಹಣಕ್ಕೆ ಅಭಿನಯಿಸಿ ತೋರಿಸುತ್ತಾರೆ. ಯಜಮಾನರ ಕಾರ್ಯಕ್ರಮಪಟ್ಟಿಯಲ್ಲಿ ಅದಕ್ಕೆ ಅರ್ಧ ದಿನವನ್ನು ಮೀಸಲಿಡಲಾಗಿದೆ. ಊಟದ ಖರ್ಚು ಪ್ರತ್ಯೇಕ.