ಇಪ್ಪತ್ತರಲ್ಲೊಂದು ಪಾಲಿನ ಸತ್ಯ

ರೇಸ್ ಕಾರಿನ ಪ್ರಮಾಣಬದ್ಧ ಮಾದರಿಯೆಂದರೆ ಮೂಲ ಕಾರಿನ ಉದ್ದ, ಅಗಲ, ಎತ್ತರಗಳನ್ನೆಲ್ಲ ಒಂದೇ ಲೆಕ್ಕದಲ್ಲಿ ಕಿರಿದುಗೊಳಿಸಿ ಮಾಡಿದ ಪ್ರತಿಕೃತಿ. 1:20 ಎಂಬ ಪ್ರಮಾಣದಲ್ಲಿ ಮೂಲದ ಇಪ್ಪತ್ತು ಸೆಂಟಿಮೀಟರು ಮಾದರಿಯಲ್ಲಿ ಒಂದು ಸೆಂಟಿಮೀಟರಾಗುತ್ತದೆ. ಇದನ್ನು ಆಟಿಕೆಯಿಂದ ಬೇರ್ಪಡಿಸುವ ಲಕ್ಷಣ ಯಾವುದೆಂಬ ಪ್ರಶ್ನೆಗೆ ಶಾಸ್ತ್ರೀಯವಾದ ಉತ್ತರಗಳು ಹಲವಿದ್ದರೂ ವ್ಯವಹಾರದಲ್ಲಿ ನಿಲ್ಲುವುದು ಒಂದೇ: ಆಟಿಕೆಯನ್ನು ಮಕ್ಕಳ ಕೈಗೆ ಕೊಡುತ್ತಾರೆ, ಮಾದರಿಯನ್ನು ಮಕ್ಕಳ ಕೈಗೆ ಎಟುಕದ ಕಡೆ ಇಡುತ್ತಾರೆ. ಆಟಿಕೆಯ ಚಕ್ರ ತಿರುಗಿದರೆ ಮಗುವಿಗೆ ಸಂತೋಷ. ಮಾದರಿಯ ಚಕ್ರ ತಿರುಗಬೇಕೆಂದು ವಾರಗಟ್ಟಲೆ ಶ್ರಮಿಸಿದವನಾದರೋ, ಮನೆಗೆ ಬಂದ ಅತಿಥಿಯೊಬ್ಬರು ಅದನ್ನು ತಿರುಗಿಸಿ ನೋಡಲು ಬೆರಳು ಚಾಚಿದೊಡನೆ ಕಾಫಿಯ ಮಾತೆತ್ತಿ ಅವರನ್ನು ಬೇರೆ ಕೋಣೆಗೆ ಕರೆದೊಯ್ಯುತ್ತಾನೆ. ಈ ವರ್ಗದ ಜನರನ್ನು ಇಲ್ಲಿ ಮಾದರಿಕಾರರೆಂದು ಕರೆಯಲಾಗಿದೆ. ಅವರ ಮನೆಯವರು ಬಳಸುವ ಹೆಸರುಗಳು ಬೇರೆಯಾದರೂ ಅವನ್ನು ಪಾರಿಭಾಷಿಕ ಪದಗಳೆಂದು ಪರಿಗಣಿಸಲಾಗದು.

ವಿಷಯವನ್ನು ಒಂದು ನಿರ್ದಿಷ್ಟ ಕಾರಿನ ಮೂಲಕ ಪರಿಶೀಲಿಸುವುದು ಅನುಕೂಲವಾದ್ದರಿಂದ 1976ರ ಟಿರೆಲ್ ಪಿ34 ಎಂಬ ಫಾರ್ಮುಲಾ ಒನ್ ಕಾರನ್ನು ಆರಿಸಿಕೊಳ್ಳಬಹುದು. ಈ ಕಾರಿಗೆ ಆರು ಚಕ್ರಗಳು: ಹಿಂದೆ ಎರಡು ದೊಡ್ಡವು, ಮುಂದೆ ಹತ್ತು ಇಂಚು ವ್ಯಾಸದ ಪುಟ್ಟ ರಿಮ್ಮುಗಳ ಮೇಲೆ ನಾಲ್ಕು. ಮುಂದಿನ ದೊಡ್ಡ ಟೈರುಗಳು ಗಾಳಿಗೆ ಎದೆಯೊಡ್ಡಿ ಕಾರಿನ ವೇಗವನ್ನು ತಗ್ಗಿಸುತ್ತವೆ; ಚಿಕ್ಕ ಟೈರುಗಳನ್ನು ಮೂತಿಯ ಮರೆಯಲ್ಲಿ ಅಡಗಿಸಿದರೆ ಗಾಳಿಯ ತಡೆ ಕಡಿಮೆಯಾಗುತ್ತದೆ, ಎರಡರ ಬದಲು ನಾಲ್ಕನ್ನು ಹಾಕಿದರೆ ನೆಲದ ಹಿಡಿತವೂ ಕೈತಪ್ಪುವುದಿಲ್ಲ ಎಂಬುದು ವಿನ್ಯಾಸಕ ಡೆರೆಕ್ ಗಾರ್ಡ್ನರ್ ಅವರ ತರ್ಕವಾಗಿತ್ತು. 1976ರ ಜೂನ್ 13ರಂದು ಸ್ವೀಡನ್ನಿನ ಆಂಡರ್‌ಸ್ಟಾರ್ಪ್‌ನಲ್ಲಿ ನಡೆದ ಪಂದ್ಯದಲ್ಲಿ ಈ ಕಾರಿನ ಚಾಲಕರಾದ ಜೋಡಿ ಶೆಕ್ಟರ್ ಮೊದಲಿಗರಾಗಿ, ಪ್ಯಾಟ್ರಿಕ್ ಡಿಪೈಯೆ ಎರಡನೆಯವರಾಗಿ ಗುರಿ ಮುಟ್ಟಿ ಆ ತರ್ಕವನ್ನು ಒಂದು ದಿನದ ಮಟ್ಟಿಗಾದರೂ ಸತ್ಯವೆಂದು ಸಾಧಿಸಿದರು. ಗಾಳಿಯೊಡನೆ ಗಾರ್ಡ್ನರ್ ನಡೆಸಿದ ಈ ಚೌಕಾಸಿಯ ಬಾಕಿಯನ್ನು ಇಂದಿಗೂ ತೀರಿಸುತ್ತಿರುವವರು ಮಾದರಿಕಾರರು, ಏಕೆಂದರೆ ಬೇರೆ ಕಾರುಗಳಿಗೆ ನಾಲ್ಕು ರಿಮ್ಮು, ನಾಲ್ಕು ಬ್ರೇಕು, ನಾಲ್ಕು ಟೈರುಗಳಿಗೆ ಬಣ್ಣ ಬಳಿದು ಕೈತೊಳೆಯುವ ಹೊತ್ತಿನಲ್ಲಿ ಈ ಕಾರನ್ನು ಹಿಡಿದವರು ಇನ್ನೂ ಮುಂಭಾಗದಲ್ಲೇ ಇರುತ್ತಾರೆ.

ಈ ಕಾರಿನ ವಂಶವೃಕ್ಷವೂ ಗಮನಾರ್ಹ. ತಂಡದ ಒಡೆಯ ಕೆನ್ ಟಿರೆಲ್ ವೃತ್ತಿಯಿಂದ ಮರದ ವ್ಯಾಪಾರಿ. ಇಂಗ್ಲೆಂಡಿನ ಸರ್ರಿ ಪ್ರಾಂತದ ಆಕಮ್ ಎಂಬಲ್ಲಿದ್ದ ಅವರ ಟಿಂಬರ್ ಯಾರ್ಡಿನ ಷೆಡ್ಡೇ ತಂಡದ ಕಾರ್ಖಾನೆಯಾಗಿತ್ತು. ಇದೇ ಕಾರಿನ 1:20 ಮತ್ತು 1:12 ಪ್ರಮಾಣದ ಪ್ಲಾಸ್ಟಿಕ್ ಕಿಟ್ಟುಗಳನ್ನು, ಅಂದರೆ ಬಿಡಿಭಾಗಗಳನ್ನು ತುಂಬಿ ಜೋಡಣೆಯ ಹೊಣೆಯನ್ನು ಕೊಂಡವನ ತಲೆಗೇ ಕಟ್ಟುವ ಪೆಟ್ಟಿಗೆಗಳನ್ನು, ಹೊರತಂದದ್ದು ಜಪಾನಿನ ಶಿಜುವೋಕಾ ನಗರದ ತಮಿಯಾ ಸಂಸ್ಥೆ. ಅದು 1946ರಲ್ಲಿ ಯೋಷಿಯೊ ತಮಿಯಾ ಅವರು ತೆರೆದ ಸಾಮಿಲ್ಲಾಗಿ ಹುಟ್ಟಿ, ಮರದ ಮಾದರಿಗಳ ಹಾದಿಯಲ್ಲಿ ಪ್ಲಾಸ್ಟಿಕ್ಕಿಗೆ ಬಂದು ತಲುಪಿತ್ತು. ಹೀಗೆ ಒಬ್ಬ ಮರದ ವ್ಯಾಪಾರಿ ಮಾಡಿಸಿದ ಕಾರನ್ನು ಇನ್ನೊಬ್ಬ ಮರದ ವ್ಯಾಪಾರಿಯ ಸಂಸ್ಥೆ ಕಿರಿದುಗೊಳಿಸಿ ಜಗತ್ತಿಗೆ ಹಂಚಿತು. ಆ ಸಂಸ್ಥೆಯ ಮಾದರಿಯಲ್ಲಿ ಬೆರಳಗಲದಷ್ಟೂ ಮರವಿಲ್ಲ.

ಕಿಟ್ಟನ್ನು ತೆರೆದ ಮಾದರಿಕಾರನು ತಕ್ಷಣ ಕೆಲಸಕ್ಕೆ ತೊಡಗುತ್ತಾನೆಂದು ಭಾವಿಸುವುದು ತಪ್ಪು. ಅವನ ಮುಂದಿರುವ ಮೊದಲ ಪ್ರಶ್ನೆ ಐತಿಹಾಸಿಕವಾದುದು: ಈ ಕಾರು ಯಾವ ಪಂದ್ಯದ, ಯಾವ ದಿನದ ಕಾರು? ರೇಸ್ ಕಾರೆಂಬುದು ಒಂದೇ ರೂಪದಲ್ಲಿ ನಿಲ್ಲುವ ವಸ್ತುವಲ್ಲ. ಒಂದು ಪಂದ್ಯದಿಂದ ಇನ್ನೊಂದಕ್ಕೆ ಅದರ ರೆಕ್ಕೆ, ಗಾಳಿಯ ಕೊಳವೆ, ಕನ್ನಡಿ, ಜಾಹೀರಾತು ಯಾವುದು ಬೇಕಾದರೂ ಬದಲಾಗಬಹುದು. ಜೂನ್ ತಿಂಗಳ ಸ್ವೀಡನ್ನಿನ ಪಿ34 ಮತ್ತು ಅದೇ ವರ್ಷದ ಅಕ್ಟೋಬರ್ 24ರಂದು ಜಪಾನಿನ ಫುಜಿಯಲ್ಲಿ ಓಡಿದ ಪಿ34 ಸಾಮಾನ್ಯರ ಕಣ್ಣಿಗೆ ಒಂದೇ ನೀಲಿ ಕಾರಾಗಿ ಕಂಡರೂ, ಫುಜಿಯ ಕಾರಿನ ಮೇಲೆ ಆತಿಥೇಯರ ಗೌರವಾರ್ಥವಾಗಿ ಜಪಾನೀ ಲಿಪಿಯಲ್ಲಿ ಹೆಸರುಗಳನ್ನು ಬರೆಯಲಾಗಿತ್ತು. ಸ್ವೀಡನ್ನಿನ ಕಾರಿಗೆ ಜಪಾನೀ ಅಕ್ಷರ ಅಂಟಿಸಿದವನನ್ನು ಮಾದರಿಕಾರರ ಸಮಾಜವು ಅಶೋಕನ ಕೈಗೆ ಬಂದೂಕು ಕೊಟ್ಟ ನಾಟಕಕಾರನನ್ನು ಇತಿಹಾಸಕಾರರು ಕಾಣುವ ದೃಷ್ಟಿಯಲ್ಲೇ ಕಾಣುತ್ತದೆ.

ಈ ಪ್ರಶ್ನೆಯ ಇತ್ಯರ್ಥಕ್ಕೆ ಇರುವ ಆಧಾರಗಳು ಎರಡು: ಅಂದಿನ ಛಾಯಾಚಿತ್ರಗಳು ಮತ್ತು ಇಂದು ಸಂಗ್ರಹಾಲಯಗಳಲ್ಲಿ ಉಳಿದಿರುವ ಕಾರುಗಳು. ಛಾಯಾಚಿತ್ರ ತೆಗೆದವರು ಚಾಲಕನ ಮುಖವನ್ನೂ ಗೆದ್ದವನ ನಗುವನ್ನೂ ಹಿಡಿದಿಟ್ಟರೇ ಹೊರತು ಗೇರ್‌ಬಾಕ್ಸಿನ ಎಡಬದಿಯಲ್ಲಿ ಎಣ್ಣೆಯ ಕೊಳವೆ ಎಲ್ಲಿ ತಿರುಗುತ್ತದೆಂಬುದನ್ನು ದಾಖಲಿಸುವ ಕಾಳಜಿ ತೋರಲಿಲ್ಲ. ಇತಿಹಾಸ ಪ್ರಜ್ಞೆಯ ಈ ಕೊರತೆಯನ್ನು ಮಾದರಿಕಾರರು ಇನ್ನೂ ಕ್ಷಮಿಸಿಲ್ಲ. ಸಂಗ್ರಹಾಲಯದ ಕಾರು ಹತ್ತಿರದಿಂದ ನೋಡಲು ಸಿಗುತ್ತದೆಯಾದರೂ ಜೀರ್ಣೋದ್ಧಾರದ ಹೆಸರಿನಲ್ಲಿ ಅದಕ್ಕೆ ಹೊಸ ಬಣ್ಣ, ಹೊಸ ಕೊಳವೆ, ಹೊಸ ಹೊಳಪು ಬಂದಿರುವ ಸಾಧ್ಯತೆ ಹೆಚ್ಚು. ಹೀಗಾಗಿ ಮೂಲ ಕಾರನ್ನೇ ಮುಟ್ಟಿ ನೋಡಿ ಬಂದವನಿಗೆ, ದಶಕಗಳಷ್ಟು ಹಳೆಯ ಮಸುಕು ಚಿತ್ರವೊಂದನ್ನು ಭೂತಗನ್ನಡಿಯಲ್ಲಿ ನೋಡಿದವನು ‘ಮೂಲವೇ ತಪ್ಪಾಗಿದೆ’ ಎಂದು ತೀರ್ಪು ಕೊಡುವ ಪ್ರಸಂಗ ಈ ಕ್ಷೇತ್ರದಲ್ಲಿ ಅಪರೂಪವಲ್ಲ. ಅವನ ಮಾತು ಸರಿಯಾಗಿರುವುದೂ ಅಪರೂಪವಲ್ಲ.

ಕಾಲದ ಪ್ರಶ್ನೆ ಬಗೆಹರಿದ ಮೇಲೆ ಗಣಿತ ಎದುರಾಗುತ್ತದೆ. ಉದ್ದ ಇಪ್ಪತ್ತು ಪಟ್ಟು ಕುಗ್ಗಿದಾಗ ಘನಗಾತ್ರ ಎಂಟು ಸಾವಿರ ಪಟ್ಟು ಕುಗ್ಗುತ್ತದೆ. ಆ ಕಾಲದ ನಿಯಮದಂತೆ ಫಾರ್ಮುಲಾ ಒನ್ ಕಾರಿಗೆ ಇರಬೇಕಾಗಿದ್ದ ಕನಿಷ್ಠ ತೂಕ 575 ಕಿಲೊ, ಅದರ ಎಂಟು ಸಾವಿರದಲ್ಲೊಂದು ಪಾಲು ಸುಮಾರು 72 ಗ್ರಾಂ. ತೂಕದಲ್ಲಿ ಹೀಗೆ ಉದಾರವಾಗಿರುವ ಗಣಿತವು ಉಳಿದೆಡೆ ನಿಷ್ಕರುಣಿ. ಮಾದರಿಯ ಮೇಲೆ ಬಿದ್ದ 0.1 ಮಿಲಿಮೀಟರ್ ದಪ್ಪದ ಬಣ್ಣ ಮೂಲದ ಲೆಕ್ಕಕ್ಕೆ ಎರಡು ಮಿಲಿಮೀಟರಾಗುವುದರಿಂದ ಅದು ಬಣ್ಣವೆನಿಸದೆ ಗಾರೆಯೆನಿಸುತ್ತದೆ. ಒಣಗುತ್ತಿರುವ ಬಣ್ಣಕ್ಕೆ ಅಂಟಿಕೊಂಡ ಒಂದು ತಲೆಗೂದಲು ಮೂಲ ಕಾರಿನ ಮೇಲೆ ಬಿದ್ದ ಒಂದೂವರೆ ಮಿಲಿಮೀಟರಿನ ತಂತಿಗೆ ಸಮ. 75 ಸೆಂಟಿಮೀಟರ್ ಎತ್ತರದ ಮೇಜಿನಿಂದ ಮಾದರಿ ಬಿದ್ದರೆ ಅದು 15 ಮೀಟರಿನಿಂದ, ಎಂದರೆ ಐದಂತಸ್ತಿನ ಕಟ್ಟಡದ ತಾರಸಿಯಿಂದ, ಬಿದ್ದ ಲೆಕ್ಕ. ಈ ಕೊನೆಯ ಲೆಕ್ಕವನ್ನು ಮನೆಯ ಬೆಕ್ಕಿಗೆ ಮನವರಿಕೆ ಮಾಡಿಕೊಡುವ ವಿಧಾನ ಇನ್ನೂ ರೂಪುಗೊಂಡಿಲ್ಲ.

ಕಿಟ್ಟಿನ ಭಾಗಗಳು ಸ್ಪ್ರೂ ಎಂಬ ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ. ಕರಗಿದ ಪಾಲಿಸ್ಟೈರೀನನ್ನು ಒತ್ತಡದಿಂದ ಉಕ್ಕಿನ ಅಚ್ಚಿಗೆ ತಳ್ಳಿದಾಗ ಅದು ಹರಿದ ಕಾಲುವೆಗಳೇ ಈ ಚೌಕಟ್ಟಾಗಿ ಉಳಿಯುತ್ತವೆ. ಅಚ್ಚಿನ ಎರಡು ಹೋಳುಗಳು ಕೂಡಿದ ಕಡೆಯಲ್ಲಿ ಪ್ರತಿ ಭಾಗದ ಮೇಲೂ ಒಂದು ಸಣ್ಣ ಏಣು ಮೂಡುತ್ತದೆ. ಆ ಏಣನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ತೆಗೆಯುವುದೇ ಈ ಕಲೆಯ ಬಹುಪಾಲು. ಉಳಿದದ್ದು ಚಿಮಟದಿಂದ ಸಿಡಿದು ಹೋದ ಭಾಗವನ್ನು ನೆಲದ ಮೇಲೆ ಮಂಡಿಯೂರಿ ಹುಡುಕುವುದು. ಎಂಜಿನ್ನಿಗೆ ಮುಚ್ಚಳವಿಲ್ಲದ ಕಾರಾದ್ದರಿಂದ ಚಾಲಕನ ಬೆನ್ನ ಹಿಂದಿನ ಕಾಸ್‌ವರ್ತ್ ಡಿಎಫ್‌ವಿ ಎಂಜಿನ್ನಿನ ಎಂಟು ಸ್ಪಾರ್ಕ್ ಪ್ಲಗ್ಗುಗಳಿಗೆ ಅರ್ಧ ಮಿಲಿಮೀಟರಿಗಿಂತ ತೆಳುವಾದ ಎಂಟು ತಂತಿಗಳನ್ನು ಎಳೆಯಬೇಕು. ಮುಂದಿನ ಚಿಕ್ಕ ಚಕ್ರಗಳು ಚಾಲಕನಿಗೆ ಕಾಣಲೆಂದು ಮೂಲ ಕಾರಿನ ಎರಡೂ ಪಕ್ಕಗಳಲ್ಲಿ ಪುಟ್ಟ ಪಾರದರ್ಶಕ ಕಿಟಕಿಗಳಿದ್ದವು; ಚಾಲಕನು ಒಳಗಿನಿಂದ ಹೊರಗೆ ನೋಡಲೆಂದು ಮಾಡಿದ ಆ ಕಿಟಕಿಯಲ್ಲಿ ಈಗ ನೋಡುಗರು ಹೊರಗಿನಿಂದ ಒಳಗೆ ಇಣುಕುವುದರಿಂದ, ಯಾರಿಗೂ ಕಾಣದೆಂದು ಬಿಟ್ಟುಬಿಡಬಹುದಾಗಿದ್ದ ಒಳಮೈಗೂ ಬಣ್ಣ ಹಚ್ಚುವ ಹೊಣೆ ಬೀಳುತ್ತದೆ. ಯಾರಿಗೂ ಕಾಣದ ಭಾಗಗಳಿಗೂ ಮಾದರಿಕಾರ ಬಣ್ಣ ಹಚ್ಚುತ್ತಾನೆಂಬುದು ಬೇರೆ ಮಾತು. ಅಲ್ಲಿ ಬಣ್ಣವಿದೆಯೆಂದು ಅವನಿಗೆ ಗೊತ್ತಿದ್ದರೆ ಸಾಕು, ಆ ಜ್ಞಾನವನ್ನು ಬಂದವರಿಗೆಲ್ಲ ಬಾಯಿಮಾತಿನಲ್ಲಿ ತಲುಪಿಸುವ ವ್ಯವಸ್ಥೆಯನ್ನು ಅವನೇ ಮಾಡಿಕೊಳ್ಳುತ್ತಾನೆ.

ಬಣ್ಣದ ಅಧ್ಯಾಯದಲ್ಲಿ ಮತಭೇದಗಳು ತೀವ್ರವಾಗುತ್ತವೆ. ವಿಧಾನದ ಬಗ್ಗೆ ಹೆಚ್ಚು ವಿವಾದವಿಲ್ಲ: ಮೊದಲು ಬಣ್ಣ ಹಿಡಿದು ನಿಲ್ಲಲು ಪ್ರೈಮರ್ ಎಂಬ ತಳಬಣ್ಣ, ಅದರ ಮೇಲೆ ಏರ್‌ಬ್ರಷ್ಷಿನಿಂದ, ಅಂದರೆ ಒತ್ತಿದ ಗಾಳಿಯಲ್ಲಿ ಬಣ್ಣವನ್ನು ಮಂಜಿನಂತೆ ಸಿಂಪಡಿಸುವ ಲೇಖನಿಯಂಥ ಸಾಧನದಿಂದ, ತೆಳುವಾದ ಹಲವು ಪದರಗಳು, ಕೊನೆಗೆ ಪಾರದರ್ಶಕ ಲ್ಯಾಕರ್ ಮತ್ತು ಪಾಲಿಷ್. ಮಳೆಗಾಲದ ತೇವದಲ್ಲಿ ಲ್ಯಾಕರ್ ಬಿಳಿಚಿಕೊಳ್ಳುತ್ತದೆ, ಬೇಸಿಗೆಯ ಸೆಕೆಯಲ್ಲಿ ಬಣ್ಣ ಮೈಮುಟ್ಟುವ ಮೊದಲೇ ಒಣಗಿ ಒರಟಾಗುತ್ತದೆ, ಫ್ಯಾನು ಹಾಕಿದರೆ ಧೂಳು ಕೂರುತ್ತದೆ, ಹಾಕದಿದ್ದರೆ ಬೆವರಿನ ಹನಿ ಬೀಳುತ್ತದೆ. ಇವೆಲ್ಲ ಇಲ್ಲದ ಶುಭಮುಹೂರ್ತದಲ್ಲಿ ನೆಂಟರು ಬರುತ್ತಾರೆ.

ವಿವಾದವಿರುವುದು ಯಾವ ಬಣ್ಣವೆಂಬ ಬಗ್ಗೆ. ಟಿರೆಲ್ ಕಾರಿನದು ನೀಲಿ ಎಂಬಲ್ಲಿಗೆ ಸರ್ವಾನುಮತ ಮುಗಿಯುತ್ತದೆ. ಬಿಸಿಲಿನ ಚಿತ್ರದಲ್ಲಿ ಒಂದು ನೀಲಿ, ಮೋಡದ ಚಿತ್ರದಲ್ಲಿ ಇನ್ನೊಂದು, ಹಳೆಯ ಪತ್ರಿಕೆಯ ಮುದ್ರಣದಲ್ಲಿ ಮಗದೊಂದು. ಚಿಕ್ಕ ವಸ್ತುವಿನ ಮೇಲೆ ಅದೇ ಬಣ್ಣ ಹೆಚ್ಚು ಗಾಢವಾಗಿ ಕಾಣುವುದರಿಂದ ಮೂಲದ ಬಣ್ಣಕ್ಕೆ ಸ್ವಲ್ಪ ಬಿಳಿ ಬೆರೆಸಬೇಕೆಂದು ಒಂದು ಪಂಥ ವಾದಿಸಿದರೆ, ಬೆರೆಸಿದರೆ ಅದು ಮೂಲದ ಬಣ್ಣವೇ ಅಲ್ಲವೆಂದು ಇನ್ನೊಂದು ಪಂಥ ಪ್ರತಿಪಾದಿಸುತ್ತದೆ. ಮೂಲದವರೇ ಬಣ್ಣದಲ್ಲಿ ಮಾಯೆ ಮಾಡಿದ ನಿದರ್ಶನಗಳೂ ಉಂಟು: 1988ರ 16 ಪಂದ್ಯಗಳಲ್ಲಿ 15 ಗೆದ್ದ ಮೆಕ್‌ಲಾರೆನ್ ಎಂಪಿ4/4 ಕಾರಿನ ಕೆಂಪು ಟೆಲಿವಿಷನ್ನಿನಲ್ಲಿ ಸರಿಯಾದ ಕೆಂಪಾಗಿ ಕಾಣಲೆಂದು ಅದಕ್ಕೆ ಕಣ್ಣು ಕುಕ್ಕುವ, ಕಿತ್ತಳೆಗೆ ಹತ್ತಿರವಾದ ಪ್ರತಿದೀಪ್ತ ಬಣ್ಣ ಹಚ್ಚಿದ್ದರು. ಅದನ್ನು ಇದ್ದಂತೆ ಬಳಿದರೆ ಟೆಲಿವಿಷನ್ನಿನಲ್ಲಿ ನೋಡಿದ ಲಕ್ಷಾಂತರ ಜನ ತಪ್ಪೆನ್ನುತ್ತಾರೆ, ಕಂಡಂತೆ ಬಳಿದರೆ ಟ್ರ್ಯಾಕಿನ ಪಕ್ಕದಲ್ಲಿ ನಿಂತು ನೋಡಿದ ಕೆಲವರು ತಪ್ಪೆನ್ನುತ್ತಾರೆ. ಎರಡು ಗುಂಪಿನವರೂ ಒಂದೇ ಪ್ರದರ್ಶನಕ್ಕೆ ಬರುತ್ತಾರೆಂಬುದು ಅನುಭವಿಗಳ ಮಾತು.

ಬಣ್ಣದ ಮೇಲೆ ಕೂರುವುದು ಡೆಕಾಲ್, ಅಂದರೆ ನೀರಿನಲ್ಲಿ ನೆನೆಸಿದಾಗ ಕಾಗದದಿಂದ ಜಾರಿ ಬರುವ ಅತಿ ತೆಳುವಾದ ಮುದ್ರಿತ ಪೊರೆ. ಜಾಹೀರಾತು, ಸಂಖ್ಯೆ, ಚಾಲಕನ ಹೆಸರುಗಳೆಲ್ಲ ಈ ರೂಪದಲ್ಲೇ ಬರುತ್ತವೆ. ಉಬ್ಬುತಗ್ಗುಗಳ ಮೇಲೆ ಅದು ಮೈಗಂಟಿ ಕೂರಲೆಂದು ಹಚ್ಚುವ ಮೆದುಗೊಳಿಸುವ ದ್ರಾವಣವು ಮೊದಲು ಪೊರೆಯನ್ನು ಸುಕ್ಕುಗಟ್ಟಿಸಿ ಆಮೇಲೆ ತಾನೇ ನೇರಗೊಳಿಸುತ್ತದೆ. ಈ ಎರಡು ಘಟ್ಟಗಳ ನಡುವಿನ ಕೆಲವು ನಿಮಿಷಗಳಲ್ಲಿ ಕೈಕಟ್ಟಿ ಕುಳಿತವನ ಡೆಕಾಲ್ ಉಳಿಯುತ್ತದೆ, ಸರಿಪಡಿಸಲು ಹೋದವನದು ಹರಿಯುತ್ತದೆ. ನಿಷ್ಕಾಮ ಕರ್ಮಕ್ಕಿಂತಲೂ ಕಠಿಣವಾದ ನಿಷ್ಕರ್ಮದ ಪರೀಕ್ಷೆ ಇದು. ಫುಜಿಯ ಕಾರನ್ನು ಆರಿಸಿಕೊಂಡವನಿಗೆ ಇನ್ನೊಂದು ಕಷ್ಟವಿದೆ: ಜಪಾನೀ ಬಾರದವನು ಆ ಅಕ್ಷರಗಳನ್ನು ತಲೆಕೆಳಗಾಗಿ ಅಂಟಿಸಿ ವರ್ಷಗಟ್ಟಲೆ ನೆಮ್ಮದಿಯಾಗಿ ಇರಬಲ್ಲ, ಜಪಾನೀ ಬಲ್ಲ ಅತಿಥಿಯೊಬ್ಬರು ಬರುವತನಕ.

ಇಷ್ಟೆಲ್ಲ ಸಾಧಿಸಿದ ಮೇಲೆ ಪ್ರಮಾಣಬದ್ಧ ಮಾದರಿಯ ಮೂಲಭೂತ ತೊಡಕು ಗೋಚರಿಸುತ್ತದೆ. ಆ ಕಾಲದ ರೇಸ್ ಕಾರುಗಳು ಆತುರದ ಸಂತಾನ. ಅವನ್ನು ಕಟ್ಟಿದ ಮೆಕ್ಯಾನಿಕ್ಕುಗಳು ನಾಳೆಯ ಪಂದ್ಯದ ಗಡುವಿನಲ್ಲಿ ನಿದ್ದೆಗೆಟ್ಟು ರಿವೆಟ್ಟು ಹೊಡೆದರು, ಸಂದುಗಳಿಗೆ ಟೇಪು ಸುತ್ತಿದರು, ಸ್ಟಿಕ್ಕರನ್ನು ಕಣ್ಣಂದಾಜಿನಲ್ಲಿ ಅಂಟಿಸಿದರು. ಗಡುವೇ ಇಲ್ಲದ ಮಾದರಿಕಾರ ತಿಂಗಳುಗಟ್ಟಲೆ ಕುಳಿತು ಅದೇ ಕಾರನ್ನು ಕಟ್ಟಿದಾಗ ರಿವೆಟ್ಟುಗಳು ಸಾಲಾಗಿ ನಿಲ್ಲುತ್ತವೆ, ಸಂದುಗಳು ಕೂಡಿಕೊಳ್ಳುತ್ತವೆ, ಸ್ಟಿಕ್ಕರು ನೆಟ್ಟಗೆ ಕೂರುತ್ತದೆ. ಫಲವಾಗಿ ಮಾದರಿಯು ಮೂಲಕ್ಕಿಂತ ಚೆನ್ನಾಗಿ, ಆದ್ದರಿಂದಲೇ ತಪ್ಪಾಗಿ, ಮೂಡಿಬರುತ್ತದೆ. ನಿಖರತೆಯ ಕಟ್ಟಾ ಉಪಾಸಕನು ಈ ದೋಷವನ್ನು ನಿವಾರಿಸಲು ಚಿಮಟ, ಭೂತಗನ್ನಡಿ ಮತ್ತು ಉಸಿರುಕಟ್ಟಿದ ಏಕಾಗ್ರತೆಯಿಂದ, ಮೂಲದಲ್ಲಿ ಎರಡು ಸೆಂಟಿಮೀಟರು ಓರೆಯಾಗಿದ್ದ ಸ್ಟಿಕ್ಕರನ್ನು ಮಾದರಿಯಲ್ಲಿ ಕರಾರುವಾಕ್ಕಾಗಿ ಒಂದು ಮಿಲಿಮೀಟರು ಓರೆಯಾಗಿಸುತ್ತಾನೆ. ಸ್ಪರ್ಧೆಯ ತೀರ್ಪುಗಾರರು ಅದನ್ನು ನೋಡಿ, ಸ್ಟಿಕ್ಕರ್ ಓರೆಯಾಗಿದೆಯೆಂದು ಅಂಕ ಕಳೆಯುತ್ತಾರೆ.

ಕೊಳೆಯ ವಿಷಯದಲ್ಲಿ ಈ ತೊಡಕು ಪರಾಕಾಷ್ಠೆ ಮುಟ್ಟುತ್ತದೆ. ಫುಜಿಯ ಪಂದ್ಯ ಮಳೆನೀರು ನಿಂತ ಟ್ರ್ಯಾಕಿನಲ್ಲಿ ಆರಂಭವಾಯಿತು. ಡಿಪೈಯೆ ಎರಡನೆಯವರಾಗಿ ಗುರಿ ಮುಟ್ಟಿದಾಗ ಅವರ ಕಾರು ಷೋರೂಮಿನ ಹೊಳಪಿನಲ್ಲಿರಲಿಲ್ಲ. ಆದ್ದರಿಂದ ಅದರ ನಿಖರ ಮಾದರಿಗೆ, ಕನ್ನಡಿಯಂತೆ ಪಾಲಿಷ್ ಮಾಡಿದ ನೀಲಿಯ ಮೇಲೆ ರಾಡಿಯ ಸಿಡಿತ, ಎಣ್ಣೆಯ ಕಲೆ, ರಬ್ಬರಿನ ಮಸಿಗಳನ್ನು ತೆಳುಬಣ್ಣದಲ್ಲಿ ಎರಚುವುದು ಅನಿವಾರ್ಯ. ಧೂಳಿನ ಒಂದು ಕಣಕ್ಕಾಗಿ ಇಡೀ ಮೂತಿಯನ್ನು ಮತ್ತೆ ಉಜ್ಜಿ ಮತ್ತೆ ಬಳಿದವನಿಗೆ ಈಗ ಅದೇ ಕೈಯಿಂದ ಕೆಸರು ಎರಚೆಂದರೆ ಕೈ ಏಳುವುದಿಲ್ಲ. ಆಗ ಅವನು ತನ್ನ ಇತಿಹಾಸ ಪಾಂಡಿತ್ಯವನ್ನೆಲ್ಲ ಒಟ್ಟುಗೂಡಿಸಿ, ಮಾದರಿಯ ಕೆಳಗಿನ ಫಲಕದಲ್ಲಿ ‘ಫುಜಿ, 1976, ಪಂದ್ಯದ ಆರಂಭಕ್ಕೆ ಮುಂಚೆ’ ಎಂದು ಬರೆದು ಶಾಸ್ತ್ರಕ್ಕೂ ಮಮತೆಗೂ ರಾಜಿ ಮಾಡಿಸುತ್ತಾನೆ. ಆರು ಚಕ್ರದ ಕಾರು 1977ರ ನಂತರ ಕಣದಿಂದ ಮರೆಯಾಯಿತು, 1983ರ ಹೊತ್ತಿಗೆ ನಾಲ್ಕಕ್ಕಿಂತ ಹೆಚ್ಚು ಚಕ್ರಗಳನ್ನು ನಿಯಮವೇ ನಿಷೇಧಿಸಿತು. ಆದರೆ ಇಂಥ ಫಲಕಗಳ ದೆಸೆಯಿಂದ ಜಗತ್ತಿನ ಗಾಜಿನ ಕಪಾಟುಗಳಲ್ಲಿರುವ ಅದರ ಪ್ರತಿಗಳು ಬಹುತೇಕ ಎಲ್ಲವೂ ಇನ್ನೂ ಒಂದು ಸುತ್ತನ್ನೂ ಓಡಿಲ್ಲ, ಆದ್ದರಿಂದ ಒಂದು ಪಂದ್ಯವನ್ನೂ ಸೋತಿಲ್ಲ.